ಯೂರೋ ಟ್ರಕ್ ಸಿಮ್ಯುಲೇಟರ್ 2: ಹಳೇ ಪ್ರೊಫೈಲ್ ಹುಡುಕಿ ಹೊಸ ಕಂಪ್ಯೂಟರ್‌ಗೆ ಹಾಕುವುದು ಹೇಗೆ?

ಹೊಸ ಲ್ಯಾಪ್‌ಟಾಪ್‌ನಲ್ಲಿ ಗೇಮ್ ತೆರೆದರೆ ಪ್ರೊಫೈಲ್ ಪಟ್ಟಿ ಖಾಲಿ. ಗ್ಯಾರೇಜ್ ಇಲ್ಲ, ಡ್ರೈವರ್‌ಗಳಿಲ್ಲ, ಬ್ಯಾಂಕಿನ ದುಡ್ಡೂ ಇಲ್ಲ. ಗಾಬರಿ ಬೇಡ. ಹಳೇ ಡಿಸ್ಕ್ ಇನ್ನೂ ಕೈಯಲ್ಲಿದ್ದರೆ ಎಲ್ಲವನ್ನೂ ವಾಪಸ್ ತರಬಹುದು.

ಗೇಮ್ ಡಿ ಡ್ರೈವ್‌ನಲ್ಲಿ ಇನ್‌ಸ್ಟಾಲ್ ಆಗಿದ್ದರೂ ಪ್ರೊಫೈಲ್ ಅಲ್ಲಿರುವುದಿಲ್ಲ. ವಿಂಡೋಸ್‌ನಲ್ಲಿ ಅದು ಕೂತಿರುವುದು ಡಾಕ್ಯುಮೆಂಟ್ಸ್ ಒಳಗಿನ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಫೋಲ್ಡರ್‌ನಲ್ಲಿ, 'ಪ್ರೊಫೈಲ್ಸ್' ಅನ್ನುವ ಹೆಸರಿನಡಿ. ಗೇಮ್ ಫೋಲ್ಡರನ್ನಷ್ಟೇ ಉಳಿಸಿಕೊಂಡು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿಸಿದವರ ಆಟ ಹೋಗುವುದು ಇದೇ ಕಾರಣಕ್ಕೆ. ಒನ್‌ಡ್ರೈವ್ ಆನ್ ಇದ್ದರೆ ಇನ್ನೊಂದು ತೊಡಕು: ಡಾಕ್ಯುಮೆಂಟ್ಸ್ ಎರಡು ಕಡೆ ಇರಬಹುದು, ಒಂದು ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ, ಇನ್ನೊಂದು ಒನ್‌ಡ್ರೈವ್ ಒಳಗೆ. ಎರಡನ್ನೂ ತೆರೆದು, ಯಾವುದರಲ್ಲಿ ಇವತ್ತಿನ ತಾರೀಖಿನ 'ಗೇಮ್.ಲಾಗ್.ಟಿಎಕ್ಸ್‌ಟಿ' ಫೈಲ್ ಇದೆ ನೋಡಿ. ಗೇಮ್ ಪ್ರತಿ ಸಲ ಶುರುವಾದಾಗ ಅದನ್ನು ಹೊಸದಾಗಿ ಬರೆಯುತ್ತದೆ, ಹಾಗಾಗಿ ಅದಿರುವ ಜಾಗವೇ ಸರಿಯಾದ ಜಾಗ.

ಪ್ರೊಫೈಲ್ಸ್ ಒಳಗೆ ಹೋದರೆ ನಿಮ್ಮ ಹೆಸರು ಕಾಣುವುದಿಲ್ಲ, 52617669 ಥರದ ಸಂಖ್ಯೆ ಕಾಣುತ್ತದೆ. ಅದೇ ನಿಮ್ಮ ಹೆಸರು! ಪ್ರತಿ ಇಂಗ್ಲಿಷ್ ಅಕ್ಷರಕ್ಕೆ ಎರಡಂಕಿಯ ಹೆಕ್ಸ್ ಕೋಡ್. ದೊಡ್ಡ 'ಆರ್' ಅಂದರೆ 52, ಸಣ್ಣ 'ಎ' 61, 'ವಿ' 76, 'ಐ' 69, ಸೇರಿಸಿದರೆ 'ರವಿ'. ಹೆಸರಿನ ನಡುವೆ ಜಾಗ ಬಿಟ್ಟಿದ್ದರೆ ಅಲ್ಲಿ 20 ಬರುತ್ತದೆ. ಅರ್ಥವಾಗಲಿಲ್ಲವೆಂದು ಈ ಫೋಲ್ಡರಿಗೆ ಬೇರೆ ಹೆಸರಿಡಬೇಡಿ.

ಪ್ರೊಫೈಲ್ಸ್ ಖಾಲಿ ಇದ್ದು, ಪಕ್ಕದ 'ಸ್ಟೀಮ್_ಪ್ರೊಫೈಲ್ಸ್'ನಲ್ಲಿ ಒಂದೆರಡು ಸಣ್ಣ ಫೈಲ್ ಮಾತ್ರ ಇದ್ದರೆ ನಿಮ್ಮದು ಸ್ಟೀಮ್ ಕ್ಲೌಡ್ ಪ್ರೊಫೈಲ್, ಅಂದರೆ ಗೇಮ್ ಮಾರುವ ಸ್ಟೀಮ್ ಆ್ಯಪ್ ತನ್ನ ಸರ್ವರ್‌ನಲ್ಲೂ ಇಟ್ಟುಕೊಳ್ಳುವ ಪ್ರೊಫೈಲ್. ನಿಜವಾದ ಸೇವ್‌ಗಳು ಸ್ಟೀಮ್ ಫೋಲ್ಡರ್‌ನ 'ಯೂಸರ್‌ಡೇಟಾ' ಒಳಗೆ, ನಿಮ್ಮ ಅಕೌಂಟಿನ ಸಂಖ್ಯೆಯ ಕೆಳಗೆ, 227300 ಅನ್ನುವ ಫೋಲ್ಡರಿನ 'ರಿಮೋಟ್'ನಲ್ಲಿರುತ್ತವೆ. 227300 ಈ ಗೇಮಿಗೆ ಸ್ಟೀಮ್ ಕೊಟ್ಟಿರುವ ನಂಬರ್. ಅದೇ ಅಕೌಂಟಿನಲ್ಲಿ ಲಾಗಿನ್ ಆದರೆ ಅವು ತಾವಾಗಿಯೇ ಇಳಿಯಬೇಕು. 'ರಿಮೋಟ್'ಗೆ ಕೈಯಾರೆ ಫೈಲ್ ತುರುಕಬೇಡಿ, ಸಿಂಕ್ ಆಗುವಾಗ ಕ್ಲೌಡ್‌ನಲ್ಲಿರುವುದು ಅದರ ಮೇಲೆ ಬಂದು ಕೂರುವ ಅಪಾಯವಿದೆ. ಹಳೇ ಕಂಪ್ಯೂಟರ್ ಇನ್ನೂ ಓಡುತ್ತಿದ್ದರೆ ಪ್ರೊಫೈಲ್ ಆರಿಸುವ ಪರದೆಯಲ್ಲಿ ಎಡಿಟ್ ಒತ್ತಿ, 'ಯೂಸ್ ಸ್ಟೀಮ್ ಕ್ಲೌಡ್' ಟಿಕ್ ತೆಗೆದುಬಿಡಿ. ಪ್ರೊಫೈಲ್ ಪೂರ್ತಿ ಡಾಕ್ಯುಮೆಂಟ್ಸ್‌ಗೆ ಬರುತ್ತದೆ, ಮುಂದಿನ ಕೆಲಸ ಸಲೀಸು.

ಈಗ ಸಾಗಿಸುವುದು. ಹೊಸ ಕಂಪ್ಯೂಟರಿನಲ್ಲಿ ಗೇಮ್ ಒಮ್ಮೆ ತೆರೆದು, ಮೊದಲ ಪರದೆ ಬರುತ್ತಲೇ ಮುಚ್ಚಿ. ಬೇಕಾದ ಫೋಲ್ಡರ್‌ಗಳು ಅಷ್ಟರಲ್ಲಿ ಹುಟ್ಟಿಕೊಳ್ಳುತ್ತವೆ. 'ಪ್ರೊಫೈಲ್ಸ್' ಕಾಣದಿದ್ದರೆ ಅದೇ ಹೆಸರಿನಲ್ಲಿ ನೀವೇ ಮಾಡಿ. ಆಮೇಲೆ ಹೆಕ್ಸ್ ಹೆಸರಿನ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ನಿಂದ ತಂದು ಅಲ್ಲಿ ಪೇಸ್ಟ್ ಮಾಡಿ. ಒಳಗಿನ ಫೈಲ್‌ಗಳನ್ನು ಬಿಡಿಬಿಡಿಯಾಗಿ ಹಾಕಿದರೆ ಪಟ್ಟಿಯಲ್ಲಿ ಏನೂ ಕಾಣದು. ಜಿಪ್ ಬಿಚ್ಚಿದಾಗ ಫೋಲ್ಡರ್ ಒಳಗೊಂದು ಅದೇ ಹೆಸರಿನ ಫೋಲ್ಡರ್ ಬಂದಿದ್ದರೂ ಅಷ್ಟೇ. ತೆರೆದ ಕೂಡಲೇ 'ಪ್ರೊಫೈಲ್.ಎಸ್‌ಐಐ' ಮತ್ತು 'ಸೇವ್' ಕಾಣಬೇಕು.

ಹೊಸ ಕಂಪ್ಯೂಟರಿನಲ್ಲಿ ಆಗಲೇ ಅದೇ ಹೆಸರಿನಲ್ಲಿ ಆಟ ಶುರು ಮಾಡಿದ್ದೀರಾ? ಹಾಗಿದ್ದರೆ ಹೆಕ್ಸ್ ಹೆಸರೂ ಒಂದೇ, ವಿಂಡೋಸ್ 'ರಿಪ್ಲೇಸ್ ಮಾಡಲಾ' ಅಂತ ಕೇಳುತ್ತದೆ. ಹೂಂ ಅಂದರೆ ಎರಡೂ ಆಟದ ಸೇವ್‌ಗಳು ಕಲಬೆರಕೆಯಾಗುತ್ತವೆ. ಮೊದಲು ಅಲ್ಲಿರುವುದನ್ನು ಕಟ್ ಮಾಡಿ ಡೆಸ್ಕ್‌ಟಾಪ್‌ನಲ್ಲಿಟ್ಟು, ನಂತರ ಪೇಸ್ಟ್ ಮಾಡಿ.

ಪ್ರೊಫೈಲ್ ಕಾಣುತ್ತಿದೆ, ಆದರೆ ಲೋಡ್ ಆಗುವಾಗ ಗೇಮ್ ಬಿದ್ದುಹೋಗುತ್ತಿದೆ ಅಂದರೆ ಮೊದಲ ಅನುಮಾನ ಮಾಡ್‌ಗಳ ಮೇಲೆ, ಅಂದರೆ ಬೇರೆಯವರು ಮಾಡಿದ, ನಾವು ಗೇಮಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಫೈಲ್‌ಗಳ ಮೇಲೆ. ಐರಾವತ ಬಸ್ಸೋ ಇಂಡಿಯಾ ಮ್ಯಾಪೋ ಹಾಕಿಕೊಂಡು ಆಡಿದ ಪ್ರೊಫೈಲ್‌ಗೆ ಆ ಮಾಡ್ ಫೈಲ್‌ಗಳೂ ಬೇಕು. ಅವು ಪ್ರೊಫೈಲ್ ಜೊತೆ ಬರುವುದಿಲ್ಲ; ಪಕ್ಕದ 'ಮಾಡ್' ಫೋಲ್ಡರ್‌ನಿಂದ ಬೇರೆಯಾಗಿ ತರಬೇಕು. ಗೇಮ್ ವರ್ಷನ್ ಕೂಡ ನೋಡಿ. ಹೊಸ ವರ್ಷನ್ನಿನ ಸೇವ್ ಹಳೇ ವರ್ಷನ್ನಿನಲ್ಲಿ ನಡೆಯುತ್ತದೆಂದು ನಂಬಬೇಡಿ. ಹಳೇದು ಹೊಸದರಲ್ಲಿ ಸಾಮಾನ್ಯವಾಗಿ ತೆರೆಯುತ್ತದೆ, ಹಳೇ ಮಾಡ್‌ಗಳೇ ತಕರಾರು ಮಾಡುವುದು.

ಮಾಡ್ ಸರಿಯಿದ್ದೂ ಒಂದು ಸೇವ್ ಮಾತ್ರ ಕೈಕೊಟ್ಟರೆ, ಸೇವ್ ಫೋಲ್ಡರ್ ಒಳಗೆ ಹೋಗಿ. ಆಟೋಸೇವ್ ಒಂದು ಕಡೆ, ನೀವೇ ಮಾಡಿದ ಸೇವ್‌ಗಳು 1, 2, 3 ಅಂತ ಇನ್ನೊಂದು ಕಡೆ. ಪ್ರತಿಯೊಂದರಲ್ಲೂ ಇರುವ 'ಗೇಮ್.ಎಸ್‌ಐಐ' ಗಾತ್ರ ನೋಡಿ. ಸೇವ್ ಆಗುವಾಗಲೇ ಕರೆಂಟ್ ಹೋಗಿದ್ದರೆ ಅದು 0 ಕೆಬಿ ಇರಬಹುದು. ಆ ಸೇವ್ ಕಥೆ ಮುಗಿಯಿತು, ಲೋಡ್ ಗೇಮ್‌ನಲ್ಲಿ ಅದಕ್ಕಿಂತ ಹಿಂದಿನದನ್ನು ಆರಿಸಿ. ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ಚಿತ್ರವಿಚಿತ್ರ ಅಕ್ಷರ ಕಂಡರೆ ಫೈಲ್ ಕೆಟ್ಟಿದೆ ಅಂತಲ್ಲ, ಅದು ಎನ್‌ಕ್ರಿಪ್ಟ್ ಆಗಿರುತ್ತದೆ. ನೋಡಿ ಮುಚ್ಚಿಬಿಡಿ, ಸೇವ್ ಒತ್ತಬೇಡಿ.

ಎಲ್ಲ ಸರಿಯಾಗಿ ಸ್ಟೀರಿಂಗ್ ಮಾತ್ರ ತಿರುಗದಿದ್ದರೆ ಆಪ್ಷನ್ಸ್‌ನಲ್ಲಿ ಕಂಟ್ರೋಲ್ಸ್‌ಗೆ ಹೋಗಿ ಕೀಬೋರ್ಡ್ ಅಥವಾ ವೀಲನ್ನು ಮತ್ತೆ ಆರಿಸಿ. ಹಳೇ ಕಂಪ್ಯೂಟರಿನ ಕಂಟ್ರೋಲ್ ಸೆಟ್ಟಿಂಗ್ ಕೂಡ ಪ್ರೊಫೈಲ್ ಜೊತೆಗೇ ಬಂದಿರುತ್ತದೆ.