ಟ್ಯಾಂಕರ್ ಲೆಕ್ಕಕ್ಕೊಂದು ಜಾವಾ ಸರ್ವರ್, ಬೀಗ ಸಮೇತ

ನಮ್ಮ ಅಪಾರ್ಟ್‌ಮೆಂಟಿಗೆ ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ನೀರಿನ ಟ್ಯಾಂಕರ್ ಬರುತ್ತವೆ. ಗಾಡಿ ನಂಬರ್, ಬಂದ ಹೊತ್ತು ಎಲ್ಲ ಗೇಟಿನ ಸೆಕ್ಯುರಿಟಿಯವರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಂದು ಮಳೆಗೆ ಆ ಪುಸ್ತಕ ನೆನೆದು ಮುದ್ದೆಯಾಯಿತು. ಆಗ ನಾನು ಜಾವಾದಲ್ಲಿ ಪುಟ್ಟ ಸರ್ವರ್ ಬರೆದೆ. ಫೋನಿನಲ್ಲಿ ಒತ್ತಿದರೆ ಸಾಕು, ಲೆಕ್ಕ ಕೂತುಬಿಡುತ್ತದೆ. ಆದರೆ ಅವರ ಪಾಸ್‌ವರ್ಡ್ ಬರೀ ಎಚ್‌ಟಿಟಿಪಿಯಲ್ಲಿ ಹೋಗುತ್ತಿತ್ತು. ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಿದ ಹಾಗೆ ಅಲ್ವಾ ಅದು? ದಾರಿಯಲ್ಲಿ ಯಾರೂ ಓದದ ಹಾಗೆ ಗುಟ್ಟಾಗಿ ಕಳಿಸುವ ಎಚ್‌ಟಿಟಿಪಿಎಸ್‌ಗೆ ದಾಟಿಸಿದ್ದು ಹೇಗೆ ಅಂತ ಹೇಳುತ್ತೇನೆ.

ದೊಡ್ಡ ಫ್ರೇಮ್‌ವರ್ಕ್ ಬೇಡ. ಜಾವಾ ಬರೆಯುವ ಕಿಟ್ ಆದ ಜೆಡಿಕೆಯೊಳಗೇ ಎಚ್‌ಟಿಟಿಪಿಎಸ್‌ಸರ್ವರ್ ಅನ್ನೋ ಕ್ಲಾಸ್ ಜಾವಾ 6ರಿಂದಲೂ ಇದೆ. ಜಾವಾ 18ರಲ್ಲಿ ಬಂದ ಜೆವೆಬ್‌ಸರ್ವರ್ ಕಮಾಂಡ್ ನೋಡಿ ಆಸೆಪಟ್ಟಿದ್ದೆ. ಅದು ಬರೀ ಫೈಲ್ ತೋರಿಸಲಿಕ್ಕೆ, ಎಚ್‌ಟಿಟಿಪಿಎಸ್ ಅದಕ್ಕೆ ಬರುವುದಿಲ್ಲ.

ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ಪಳಗಿಸಿ. ಜೆಡಿಕೆ ಜೊತೆ ಕೀಟೂಲ್ ಬಂದಿರುತ್ತದೆ. ಅದರ ಜೆನ್‌ಕೀಪೇರ್ ಆಪ್ಷನ್ ಹಾಕಿ, ಆರ್‌ಎಸ್‌ಎ, 2048 ಬಿಟ್ ಅಂತ ಕೊಟ್ಟರೆ ಕೀ ಮತ್ತು ಸರ್ಟಿಫಿಕೇಟ್ (ಸರ್ವರಿನ ಗುರುತಿನ ಚೀಟಿ) ಎರಡೂ ಇರುವ ಒಂದು ಕೀಸ್ಟೋರ್ ಫೈಲ್ ಸಿಗುತ್ತದೆ. ಎಕ್ಸ್‌ಟ್ ಆಪ್ಷನ್‌ನಲ್ಲಿ ಸ್ಯಾನ್ (ಸರ್ಟಿಫಿಕೇಟ್ ಯಾವ ಹೆಸರುಗಳಿಗೆ ಅನ್ನೋ ಪಟ್ಟಿ) ಬರೆದು, ಡಿಎನ್‌ಎಸ್ ಹೆಸರು ಲೋಕಲ್‌ಹೋಸ್ಟ್ ಅಂತ ಹಾಕುವುದನ್ನು ಮರೆಯಬೇಡಿ. 2017ರಲ್ಲಿ ಬಂದ ಕ್ರೋಮ್ 58ರಿಂದ ಈಚೆಗೆ ಬ್ರೌಸರ್ ಹಿಂದೆ ಹೆಸರು ಬರೆಯುತ್ತಿದ್ದ ಕಾಮನ್ ನೇಮ್ ಜಾಗವನ್ನು ನೋಡುವುದಿಲ್ಲ, ಸ್ಯಾನ್ ಮಾತ್ರ ನೋಡುತ್ತದೆ. ಇದು ನೀವೇ ಸಹಿ ಹಾಕಿಕೊಂಡ ಸರ್ಟಿಫಿಕೇಟ್, ಹಾಗಾಗಿ ಬ್ರೌಸರ್ ಗೊಣಗುತ್ತದೆ. ಗೊಣಗಲಿ.

ಇನ್ನು ಕೋಡ್. ಇಲ್ಲಿ ಒಂದು ಆಬ್ಜೆಕ್ಟ್ ಇನ್ನೊಂದರ ಕೈಗೆ ಕೀ ದಾಟಿಸುತ್ತಾ ಹೋಗುತ್ತದೆ, ಅಷ್ಟೇ. ಕೀಸ್ಟೋರ್ ಆಬ್ಜೆಕ್ಟ್ ಫೈಲನ್ನು ಓದುತ್ತದೆ. ಅದನ್ನು ಕೀಮ್ಯಾನೇಜರ್‌ಫ್ಯಾಕ್ಟರಿಗೆ ಕೊಡಿ. ಅದು ಕೊಟ್ಟ ಕೀಮ್ಯಾನೇಜರ್‌ಗಳನ್ನು ಎಸ್‌ಎಸ್‌ಎಲ್‌ಕಾಂಟೆಕ್ಸ್ಟ್‌ನ ಇನಿಟ್‌ಗೆ ಕೊಡಿ. ಉಳಿದ ಎರಡು ಜಾಗಕ್ಕೆ ನಲ್ ಸಾಕು. ಆ ಕಾಂಟೆಕ್ಸ್ಟನ್ನು ಎಚ್‌ಟಿಟಿಪಿಎಸ್‌ಕಾನ್ಫಿಗರೇಟರ್‌ನಲ್ಲಿ ಸುತ್ತಿ ಸರ್ವರಿಗೆ ತೊಡಿಸಿ. ಹೆಸರುಗಳು ಉದ್ದ, ಕೆಲಸ ಇಪ್ಪತ್ತು ಸಾಲು. ಕೀಸ್ಟೋರಿನ ಪಾಸ್‌ವರ್ಡನ್ನು ಮಾತ್ರ ಕೋಡಿನಲ್ಲಿ ಬರೆಯಬೇಡಿ, ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಓದಿಸಿ.

ಇಲ್ಲಿ ನಾನು ಎಡವಿದ್ದು ಎರಡು ಕಡೆ. ಸೆಟ್‌ಎಕ್ಸಿಕ್ಯೂಟರ್ ಕೊಡದಿದ್ದರೆ ಎಲ್ಲ ರಿಕ್ವೆಸ್ಟ್‌ಗಳೂ ಒಂದೇ ಥ್ರೆಡ್‌ನಲ್ಲಿ ಸಾಲು ನಿಲ್ಲುತ್ತವೆ. ಒಬ್ಬರ ಫೋನ್ ನಿಧಾನವಾದರೆ ಎಲ್ಲರೂ ಕಾಯಬೇಕು. ಒಂದು ಥ್ರೆಡ್ ಪೂಲ್ ಕೊಟ್ಟುಬಿಡಿ. ಇನ್ನೊಂದು, ಸೆಂಡ್‌ರೆಸ್ಪಾನ್ಸ್‌ಹೆಡರ್ಸ್‌ನಲ್ಲಿ ಉದ್ದ ಸೊನ್ನೆ ಅಂದರೆ ‘ಏನೂ ಇಲ್ಲ’ ಅಂತಲ್ಲ, ‘ಎಷ್ಟು ಅಂತ ಗೊತ್ತಿಲ್ಲ, ಬರ್ತಾ ಇದೆ’ ಅಂತ. ಏನೂ ಕಳಿಸದಿದ್ದರೆ ಮೈನಸ್ 1 ಹಾಕಬೇಕು. ನಾನು ಸೊನ್ನೆ ಹಾಕಿ, ಸ್ಟ್ರೀಮ್ ಮುಚ್ಚುವುದನ್ನೂ ಮರೆತಿದ್ದೆ. ಸೆಕ್ಯುರಿಟಿಯವರ ಫೋನಿನಲ್ಲಿ ಚಕ್ರ ತಿರುಗಿದ್ದೇ ತಿರುಗಿದ್ದು.

ಎಚ್‌ಟಿಟಿಪಿಎಸ್‌ಗೆ ಬೀಗ ಹಾಕುವ ಟಿಎಲ್‌ಎಸ್‌ನ ಹಳೆಯ ಆವೃತ್ತಿಗಳಾದ 1.0, 1.1 ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 2021ರಿಂದ ಈಚಿನ ಜೆಡಿಕೆಗಳು ಅವನ್ನು ತಾವೇ ಮುಚ್ಚಿಟ್ಟಿವೆ. ಯಾವುದೋ ಹಳೇ ಫೋನಿಗೋಸ್ಕರ ಅಂತ ನೀವು ತೆರೆಯಲು ಹೋಗಬೇಡಿ.

ಬ್ರೌಸರ್ ನಂಬುವ ನಿಜವಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆಯಿಂದ ಪುಕ್ಕಟೆ ಸಿಗುತ್ತದೆ. ಸ್ವಂತ ಡೊಮೇನ್ ಇರಬೇಕು, ಡೊಮೇನ್ ನಿಮ್ಮದೇ ಅಂತ ಎಚ್‌ಟಿಟಿಪಿಯಲ್ಲಿ ಪರೀಕ್ಷಿಸಲು 80ನೇ ಪೋರ್ಟ್ (ಸರ್ವರಿನ ಬಾಗಿಲು) ತೆರೆದಿರಬೇಕು. ಅದನ್ನು ತಂದುಕೊಡುವ ಪ್ರೋಗ್ರಾಂ ಸರ್ಟ್‌ಬಾಟ್. ಅದು ಕೊಡುವ ಪೆಮ್ ಫೈಲ್‌ಗಳಲ್ಲಿ ನಮಗೆ ಬೇಕಾದ್ದು ಎರಡು, ಫುಲ್‌ಚೈನ್ (ಸರ್ಟಿಫಿಕೇಟ್) ಮತ್ತು ಪ್ರೈವ್‌ಕೀ (ಗುಟ್ಟಿನ ಕೀ). ಓಪನ್‌ಎಸ್‌ಎಸ್‌ಎಲ್ ಅನ್ನೋ ಟೂಲಿನ ಪಿಕೆಸಿಎಸ್12 ಎಕ್ಸ್‌ಪೋರ್ಟ್‌ನಿಂದ ಎರಡನ್ನೂ ಸೇರಿಸಿದರೆ ಕೀಸ್ಟೋರ್ ತಯಾರು. ಆ ಫೈಲಿಗೆ 600 ಪರ್ಮಿಷನ್ ಹಾಕಿ, ಸರ್ವರ್ ಓಡಿಸುವ ಯೂಸರ್ ಬಿಟ್ಟು ಬೇರೆಯವರು ಓದಬಾರದು.

ಆ ಯೂಸರ್ ರೂಟ್ (ಎಲ್ಲ ಅಧಿಕಾರವೂ ಇರುವ ಯೂಸರ್) ಆಗಿರಕೂಡದು. ಆದರೆ ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟು ಸಾಮಾನ್ಯ ಯೂಸರಿಗೆ ಸುಮ್ನೆ ಸಿಗುವುದಿಲ್ಲ. ಹಾಗಾಗಿ ಜಾವಾ 8443ರಲ್ಲಿ ಓಡಲಿ, ಎಚ್‌ಟಿಟಿಪಿಎಸ್‌ನ ಮಾಮೂಲಿ ಪೋರ್ಟ್ 443ಕ್ಕೆ ಬಂದವರನ್ನು ಐಪಿಟೇಬಲ್ಸ್‌ನ ಒಂದು ರಿಡೈರೆಕ್ಟ್ ಸಾಲು ಅಲ್ಲಿಗೆ ಕಳಿಸಲಿ.

ಇಷ್ಟು ಮಾಡಿ ನಾನು ನೆಮ್ಮದಿಯಾಗಿದ್ದೆ. ಮೂರು ತಿಂಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಗೇಟಿನಿಂದ ಫೋನ್. ‘ಮೇಡಂ, ಕೆಂಪಗೆ ಏನೋ ಬರ್ತಾ ಇದೆ, ಟ್ಯಾಂಕರ್ ನಿಂತಿದೆ.’ ಲಾಗಿನ್ ಮಾಡಿ ನೋಡಿದೆ. ಪೆಮ್ ಫೈಲ್ ಹೊಸದೇ! ಆ ಸರ್ಟಿಫಿಕೇಟಿನ ಆಯಸ್ಸು 90 ದಿನ ಇತ್ತು, ಸರ್ಟ್‌ಬಾಟ್ 60ನೇ ದಿನಕ್ಕೇ ನವೀಕರಿಸಿತ್ತು. ತಪ್ಪು ನನ್ನದೇ. ಪೆಮ್ ಬದಲಾದರೂ ಕೀಸ್ಟೋರ್ ಹಳೆಯದೇ ಇತ್ತು. ಕೀಸ್ಟೋರ್ ಬದಲಿಸಿದ್ದರೂ ಸಾಲುತ್ತಿರಲಿಲ್ಲ, ಜಾವಾ ಅದನ್ನು ಓದುವುದು ಸ್ಟಾರ್ಟ್ ಆದಾಗ ಒಂದೇ ಸಲ. ಆವತ್ತು ಟ್ಯಾಂಕರ್ ಲೆಕ್ಕವನ್ನು ಹಾಲಿನ ಪ್ಯಾಕೆಟ್ ಚೀಟಿಯ ಹಿಂದೆ ಬರೆದುಕೊಂಡರು.

ಅದಕ್ಕೆ ಸರ್ಟ್‌ಬಾಟ್‌ನ ರಿನ್ಯೂವಲ್ ಹುಕ್ಸ್ ಫೋಲ್ಡರಿನಲ್ಲಿರುವ ಡಿಪ್ಲಾಯ್ ಒಳಗೆ ಒಂದು ಚಿಕ್ಕ ಸ್ಕ್ರಿಪ್ಟ್ ಇಡಿ. ನವೀಕರಣ ಗೆದ್ದಾಗ ಮಾತ್ರ ಅದು ಓಡುತ್ತದೆ. ಅದರಲ್ಲಿ ಮೂರೇ ಕೆಲಸ: ಕೀಸ್ಟೋರ್ ಹೊಸದಾಗಿ ಮಾಡು, ಮಾಲೀಕತ್ವ ಮತ್ತು ಪರ್ಮಿಷನ್ ಸರಿಪಡಿಸು, ಸರ್ವರ್ ರೀಸ್ಟಾರ್ಟ್ ಮಾಡು. ಕಾಂಟೆಕ್ಸ್ಟನ್ನು ಓಡುತ್ತಿರುವಾಗಲೇ ಬದಲಿಸುವ ದಾರಿಯೂ ಇದೆ. ಟ್ಯಾಂಕರ್ ಲೆಕ್ಕಕ್ಕೆ ಅಷ್ಟು ಜಾಣತನ ಜಾಸ್ತಿಯಾಯಿತು.

ಪರೀಕ್ಷಿಸುವಾಗ ಡಿಸ್ಕಿನ ಫೈಲ್ ನೋಡಬೇಡಿ, ಸರ್ವರನ್ನೇ ಹೊರಗಿನಿಂದ ಕೇಳಿ. ಓಪನ್‌ಎಸ್‌ಎಸ್‌ಎಲ್‌ನ ಎಸ್‌ಕ್ಲೈಂಟ್‌ನಲ್ಲಿ 443ಕ್ಕೆ ಕನೆಕ್ಟ್ ಮಾಡಿ, ಬಂದದ್ದನ್ನು ಎಕ್ಸ್509 ಕಮಾಂಡಿಗೆ ಡೇಟ್ಸ್ ಆಪ್ಷನ್ ಜೊತೆ ಪೈಪ್ ಮಾಡಿದರೆ ಕೊನೆಯ ದಿನಾಂಕ ಕಾಣುತ್ತದೆ. ನಾನಿದನ್ನು ಪ್ರತಿ ಸೋಮವಾರ, ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಓಡಿಸುತ್ತೇನೆ. ಹತ್ತು ದಿನಕ್ಕಿಂತ ಕಮ್ಮಿ ಉಳಿದಿದ್ದರೆ ನನಗೆ ಮೇಲ್ ಬರುತ್ತದೆ.