ಸರ್ವಿಸ್ ಆಗಿ ಬಂದ ಕಾರು ನಿಮ್ಮ ಫೋನನ್ನೇ ಗುರುತು ಹಿಡೀತಿಲ್ವಾ? ಈ ಕ್ರಮದಲ್ಲಿ ನೋಡ್ಕೊಂಡು ಬನ್ನಿ

ಗ್ಯಾರೇಜಿಗೆ ಬಿಡೋವರೆಗೂ ಎಲ್ಲಾ ಸರಿ ಇತ್ತು, ವಾಪಸ್ ತಂದ್ಮೇಲೆ ಫೋನ್ ಕನೆಕ್ಟ್ ಆಗ್ತಿಲ್ಲ, ಗಡಿಯಾರ ತಪ್ಪು, ಸೇವ್ ಮಾಡಿದ್ದ ರೇಡಿಯೋ ಸ್ಟೇಷನ್ ಎಲ್ಲಾ ಮಾಯ. ಇಂಥ ಹೊತ್ತಲ್ಲಿ ತುಂಬಾ ಜನ ಸಿಟ್ಟಲ್ಲಿ ಸೀದಾ ಫ್ಯಾಕ್ಟರಿ ರೀಸೆಟ್ ಒತ್ತಿಬಿಡ್ತಾರೆ. ಅದನ್ನ ಕಟ್ಟಕಡೆಗೆ ಇಟ್ಕೊಳ್ಳಿ. ಮೊದಲು ಗ್ಯಾರೇಜಿಗೆ ಒಂದು ಫೋನ್ ಹಾಕಿ ಮೂರೇ ವಿಷಯ ಕೇಳಿ: ಬ್ಯಾಟರಿ ಬಿಚ್ಚಿದ್ರಾ, ಕಾರಿನ ಸ್ಕ್ರೀನಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದ್ರಾ, ಡ್ಯಾಶ್‌ಬೋರ್ಡ್ ಅಥ್ವಾ ಮೇಲಿನ ರೂಫ್ ಲೈಟ್ ಏನಾದ್ರೂ ಕಳಚಿದ್ರಾ. ಈ ಮೂರಕ್ಕೂ ರಿಪೇರಿ ಬೇರೆ ಬೇರೆ, ಸುಮ್ನೆ ಎಲ್ಲಾ ಸೆಟ್ಟಿಂಗ್ ಕೆದಕ್ತಾ ಕೂತ್ರೆ ಇದ್ದದ್ದೂ ಹೋಗತ್ತೆ.

ಉತ್ತರ ಏನೇ ಬರ್ಲಿ, ಒಂದ್ಸಲ ಸ್ಕ್ರೀನ್ ರೀಸ್ಟಾರ್ಟ್ ಮಾಡಿ. ತುಂಬಾ ಕಾರುಗಳಲ್ಲಿ ಪವರ್ ಅಥ್ವಾ ವಾಲ್ಯೂಮ್ ಬಟನ್ನನ್ನ 10 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದ್ರೆ ಆಫ್ ಆಗಿ ಮತ್ತೆ ಆನ್ ಆಗತ್ತೆ, ನಿಮ್ಮ ಕಾರಲ್ಲಿ ಯಾವ ಬಟನ್ ಅಂತ ಮ್ಯಾನ್ಯುಯಲ್‌ನಲ್ಲಿ ಇರತ್ತೆ. ಇದ್ರಿಂದ ಏನೂ ಅಳಿಸಿಹೋಗಲ್ಲ. ಫೋನನ್ನೂ ಒಂದ್ಸಲ ಆಫ್ ಮಾಡಿ ಆನ್ ಮಾಡಿ.

ಬ್ಯಾಟರಿ ಬಿಚ್ಚಿದ್ರು ಅಂತಾದ್ರೆ ಮೊದಲು ತಾರೀಖು, ಟೈಮು ಸರಿ ಮಾಡಿ. ಟೈಮಿಗೂ ಫೋನಿಗೂ ಏನ್ ಸಂಬಂಧ ಅನ್ಸಬಹುದು, ಆದ್ರೆ ಇದೆ: ಆಂಡ್ರಾಯ್ಡ್ ಆಟೋ (ಫೋನಿನ ಮ್ಯಾಪು, ಹಾಡು ಎಲ್ಲಾ ಕಾರಿನ ಸ್ಕ್ರೀನಲ್ಲಿ ತೋರಿಸೋದು, ಐಫೋನಲ್ಲಿ ಇದೇ ಕೆಲ್ಸಕ್ಕೆ ಕಾರ್‌ಪ್ಲೇ) ಶುರುವಾಗೋ ಮುಂಚೆ ಫೋನು ಕಾರು ಎರಡೂ ಒಂದಕ್ಕೊಂದು ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಚೀಟಿ) ತೋರಿಸ್ಕೊಳ್ತವೆ, ಆ ಸರ್ಟಿಫಿಕೇಟಿಗೆ ವ್ಯಾಲಿಡಿಟಿ ತಾರೀಖು ಇರತ್ತೆ, ಕಾರಿನ ಕ್ಯಾಲೆಂಡರ್ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿದ್ರೆ ಚೆಕ್ಕಿಂಗಲ್ಲೇ ಫೇಲ್ ಆಗಿ ಕಮ್ಯುನಿಕೇಷನ್ ಎರರ್ ಅಂತ ಬರಬಹುದು. ಟೈಮನ್ನ ಜಿಪಿಎಸ್‌ನಿಂದ ತಾನೇ ತಗೊಳ್ಳೋ ಕಾರಾದ್ರೆ ಬೇಸ್‌ಮೆಂಟಿಂದ ಆಚೆ ತಂದು ಬಯಲಲ್ಲಿ ಸ್ವಲ್ಪ ಹೊತ್ತು ನಿಲ್ಸಿ. ಕೆಲವು ಕಾರು ರೇಡಿಯೋ ಕೋಡ್ ಕೇಳತ್ತೆ, ಅದು ಕಳ್ಳರಿಗೆ ಅಂತ ಇಟ್ಟಿರೋ ಲಾಕು. ಕೋಡ್ ಮ್ಯಾನ್ಯುಯಲ್ ಜೊತೆ ಬಂದ ಕಾರ್ಡ್‌ನಲ್ಲಿರತ್ತೆ, ಇಲ್ಲಾಂದ್ರೆ ಡೀಲರ್ ಹತ್ರ ಸಿಗತ್ತೆ. ಅಂದಾಜಲ್ಲಿ ನಂಬರ್ ಒತ್ತಕ್ಕೆ ಹೋಗ್ಬೇಡಿ, ಪದೇ ಪದೇ ತಪ್ಪಾದ್ರೆ ಪೂರ್ತಿ ಲಾಕ್ ಆಗಬಹುದು. ಅಂದಹಾಗೆ ಕಿಟಕಿ ಗಾಜು ಒಂದೇ ಒತ್ತಿಗೆ ಪೂರ್ತಿ ಏರೋದು ನಿಂತಿದ್ರೆ ಅದೂ ಬ್ಯಾಟರಿ ತೆಗೆದದ್ದರ ಪರಿಣಾಮಾನೇ ಇರಬಹುದು, ಗಾಬರಿ ಬೇಡ.

ಈಗ ಮುಖ್ಯ ವಿಷಯ, ಮುಕ್ಕಾಲು ಪಾಲು ತಲೆನೋವು ಇಲ್ಲೇ ಇರೋದು. ಮೊದಲ ಸಲ ಫೋನನ್ನ ಕಾರಿಗೆ ಪೇರ್ ಮಾಡಿದಾಗ, ಅಂದ್ರೆ ಜೋಡಿಸಿದಾಗ, ಬ್ಲೂಟೂತ್ ಒಂದು ಗುಟ್ಟಿನ ಕೀ ಮಾಡಿ ಫೋನಲ್ಲೂ ಕಾರಲ್ಲೂ ಇಟ್ಟಿರತ್ತೆ. ಅಪ್‌ಡೇಟ್ ಹಾಕಿದಾಗ, ಕೆಲವು ಕಾರಲ್ಲಿ ಬ್ಯಾಟರಿ ತೆಗೆದಾಗ್ಲೂ, ಕಾರಿನ ಕಡೆ ಇದ್ದದ್ದು ಅಳಿಸಿಹೋಗಬಹುದು, ಫೋನಲ್ಲಿ ಮಾತ್ರ ಹಳೇದು ಹಾಗೇ ಇರತ್ತೆ. ಆಮೇಲೆ ನೀವು ಎಷ್ಟು ಸಲ ಕನೆಕ್ಟ್ ಒತ್ತಿದ್ರೂ ಬೀಗ ಬದಲಾಯಿಸಿದ ಬಾಗಿಲಿಗೆ ಹಳೇ ಕೀಲಿಕೈ ತಿರುಗಿಸ್ದಂಗೆ. ಅದಕ್ಕೇ ಒಂದು ಕಡೆ ಡಿಲೀಟ್ ಮಾಡಿದ್ರೆ ಸಾಲಲ್ಲ, ಎರಡೂ ಕಡೆ ಮಾಡ್ಬೇಕು. ಕಾರಿನ ಡಿವೈಸ್ ಲಿಸ್ಟಲ್ಲಿ ನಿಮ್ಮ ಫೋನ್ ತೆಗೀರಿ. ಫೋನಿನ ಬ್ಲೂಟೂತ್ ಲಿಸ್ಟಲ್ಲಿ ಕಾರನ್ನ ಫರ್ಗೆಟ್ ಮಾಡಿ. ಐಫೋನಾದ್ರೆ ಇಷ್ಟಕ್ಕೇ ಬಿಡ್ಬೇಡಿ, ಸೆಟ್ಟಿಂಗ್ಸ್, ಜನರಲ್, ಕಾರ್‌ಪ್ಲೇ ಒಳಗೆ ಹೋಗಿ ಅಲ್ಲೂ ಕಾರನ್ನ ತೆಗೀರಿ. ಆಂಡ್ರಾಯ್ಡ್‌ನಲ್ಲಿ ಆಂಡ್ರಾಯ್ಡ್ ಆಟೋ ಸೆಟ್ಟಿಂಗ್ಸ್ ಒಳಗೆ ಹಿಂದೆ ಕನೆಕ್ಟ್ ಆದ ಕಾರುಗಳ ಲಿಸ್ಟೇ ಬೇರೆ ಇರತ್ತೆ, ಅಲ್ಲಿಂದ್ಲೂ ತೆಗೀರಿ, ಆ ಆಪ್‌ನ ಕ್ಯಾಶೆ (ತಾತ್ಕಾಲಿಕವಾಗಿ ಇಟ್ಕೊಂಡಿರೋ ಡೇಟಾ) ಕ್ಲಿಯರ್ ಮಾಡಿ. ಆಮೇಲೆ ಹೊಸದಾಗಿ ಪೇರ್ ಮಾಡಿ. ಕಾಂಟ್ಯಾಕ್ಟ್ಸ್‌ಗೆ, ಮೆಸೇಜ್‌ಗೆ ಪರ್ಮಿಷನ್ ಕೇಳಿದಾಗ ಅವಸರದಲ್ಲಿ ಬೇಡ ಅಂತ ಒತ್ತಿದ್ರೆ, ಆಮೇಲೆ ಹಾಡು ಬರತ್ತೆ ಹೆಸರು ಬರಲ್ಲ ಅಂತ ಮತ್ತೊಂದು ತಲೆನೋವು.

ಕಾರಲ್ಲಿ ಆ ಲಿಸ್ಟ್ ನೋಡ್ತಿರುವಾಗ ಗ್ಯಾರೇಜಲ್ಲಿ ಯಾರಾದ್ರೂ ತಮ್ಮ ಫೋನ್ ಸೇರಿಸಿದಾರಾ ಅಂತಾನೂ ನೋಡಿ, ಗೊತ್ತಿಲ್ದೇ ಇರೋ ಹೆಸರಿದ್ರೆ ಡಿಲೀಟ್ ಮಾಡಿ. ಲಿಸ್ಟ್ ಫುಲ್ ಆಗಿದ್ರೂ ಹೊಸ ಫೋನ್ ಸೇರಲ್ಲ.

ಕಾಲ್ ಬರ್ತಿದೆ, ಹಾಡೂ ಬರ್ತಿದೆ, ಆದ್ರೆ ವೈರ್‌ಲೆಸ್ ಕಾರ್‌ಪ್ಲೇ ಅಥ್ವಾ ಆಂಡ್ರಾಯ್ಡ್ ಆಟೋ ಮಾತ್ರ ಬರ್ತಿಲ್ಲ ಅಂದ್ರೆ ವೈಫೈ ನೋಡಿ. ಇವಕ್ಕೆ ಬ್ಲೂಟೂತ್ ಮುಖ್ಯವಾಗಿ ಪರಿಚಯ ಮಾಡ್ಸೋಕೆ, ಸ್ಕ್ರೀನ್ ಮೇಲೆ ಬರೋದೆಲ್ಲಾ ವೈಫೈ ಮೇಲೆ ಹೋಗೋದು, ಫೋನಲ್ಲಿ ವೈಫೈ ಆಫ್ ಇದ್ರೆ ಅಲ್ಲಿಗೇ ಮುಗೀತು. ವಿಪಿಎನ್ (ಇಂಟರ್ನೆಟ್ಟನ್ನ ಬೇರೆ ಸರ್ವರ್ ಮೂಲಕ ಕಳಿಸೋ ಆಪ್) ಇದ್ರೆ ಅದನ್ನೂ ಆಫ್ ಮಾಡಿ ನೋಡಿ. ಐಫೋನಲ್ಲಿ ಸಿರಿ (ಮಾತು ಕೇಳಿ ಕೆಲ್ಸ ಮಾಡೋ ಅಸಿಸ್ಟೆಂಟ್) ಆನ್ ಇರ್ಲೇಬೇಕು, ಇಲ್ದಿದ್ರೆ ಕಾರ್‌ಪ್ಲೇ ಬರಲ್ಲ.

ವೈರಲ್ಲಿ ಹಾಕೋರು ಮೊದಲು ಕೇಬಲ್ ಬದಲಾಯಿಸಿ. ಬರೀ ಚಾರ್ಜಿಂಗಿಗೆ ಅಂತಿರೋ ಕೇಬಲಲ್ಲಿ ಡೇಟಾ ಹೋಗಲ್ಲ, ಹಾಗೇ ಕಾರಲ್ಲಿರೋ ಯುಎಸ್‌ಬಿ ಪೋರ್ಟೆಲ್ಲಾ ಡೇಟಾ ಪೋರ್ಟಲ್ಲ, ಫೋನ್ ಇಲ್ವೇ ಮ್ಯೂಸಿಕ್ ಗುರುತಿರೋದಕ್ಕೆ ಹಾಕಿ. 1 ಮೀಟರಿಗಿಂತ ಉದ್ದದ ಕೇಬಲ್ ಬೇಡ. ಫೋನಿನ ಪೋರ್ಟಲ್ಲಿ ಜೇಬಿನ ಧೂಳು ನಾರು ತುಂಬ್ಕೊಂಡಿದ್ರೂ ಹೀಗೇ ಆಗತ್ತೆ.

ಇಷ್ಟೆಲ್ಲಾ ಮಾಡಿದ್ರೂ ಆಗ್ಲಿಲ್ವಾ, ಆಗ ಯಾವುದೋ ಕನೆಕ್ಟರ್ ಸರಿಯಾಗಿ ಕೂತಿಲ್ಲ ಅಂತ ಅನುಮಾನ ಪಡಿ. ನಿಮ್ಮ ಮಾತು ಆ ಕಡೆಯವ್ರಿಗೆ ಕೇಳಿಸ್ತಿಲ್ಲ ಅಂದ್ರೆ ಮೈಕ್, ಅದು ಸಾಮಾನ್ಯವಾಗಿ ರೂಫ್ ಲೈಟ್ ಹತ್ರಾನೇ ಇರತ್ತೆ. ಕಾರಿನ ಸ್ವಂತ ಮ್ಯಾಪಲ್ಲಿ ಗಾಡಿ ಕದಲ್ತಾನೇ ಇಲ್ಲ ಅಂದ್ರೆ ಜಿಪಿಎಸ್ ಆಂಟೆನಾ. ಪ್ರತಿ ಸಲ ಗಾಡಿ ಆಫ್ ಮಾಡಿದಾಗ ಟೈಮ್ ಹೋಗ್ತಿದ್ರೆ ಸ್ಟೀರಿಯೋಗೆ ಯಾವಾಗ್ಲೂ ಬರ್ಬೇಕಾದ ಬ್ಯಾಟರಿ ಸಪ್ಲೈ ಬರ್ತಿಲ್ಲ, ಫ್ಯೂಸ್ ನೋಡಿಸ್ಬೇಕು. ಸ್ಟೀರಿಂಗ್ ಮೇಲಿನ ಬಟನ್ ಕೆಲ್ಸ ಮಾಡ್ತಿಲ್ಲ ಅಂದ್ರೆ ದಯವಿಟ್ಟು ನೀವೇ ಬಿಚ್ಚಕ್ಕೆ ಹೋಗ್ಬೇಡಿ, ಅಲ್ಲಿ ಏರ್‌ಬ್ಯಾಗ್ ಇದೆ.

ಗ್ಯಾರೇಜಿಗೆ ವಾಪಸ್ ಹೋಗೋ ಮುಂಚೆ ಮನೆಯಲ್ಲಿ ಇನ್ನೊಬ್ರ ಫೋನ್ ಹಾಕಿ ನೋಡಿ. ಅದು ಸಲೀಸಾಗಿ ಕನೆಕ್ಟ್ ಆದ್ರೆ ತೊಂದ್ರೆ ನಿಮ್ಮ ಫೋನಲ್ಲಿದೆ. ಅದೂ ಆಗ್ದಿದ್ರೆ ಎರರ್ ಬರೋದನ್ನ ವಿಡಿಯೋ ಮಾಡ್ಕೊಳ್ಳಿ, ಸ್ಕ್ರೀನಿನ ಅಬೌಟ್ ಪೇಜಲ್ಲಿರೋ ಸಾಫ್ಟ್‌ವೇರ್ ವರ್ಷನ್ ಫೋಟೋ ತಗೊಳ್ಳಿ, ಯಾಕಂದ್ರೆ ಅಲ್ಲಿಗೆ ಹೋದ ತಕ್ಷಣ ಎಲ್ಲಾ ಸರಿಯಾಗಿ ನಡೆದುಬಿಡೋದು ಈ ಸ್ಕ್ರೀನುಗಳ ಅಭ್ಯಾಸ.