ಹನ್ನೊಂದು ಲೆಗೋಲ್ಯಾಂಡ್‌ಗಳಲ್ಲಿ ನಿಮ್ಮ ಮಗುವಿಗೆ ಯಾವುದು? ಆರಿಸುವುದು ಹೀಗೆ

ಲೆಗೋ ಇಟ್ಟಿಗೆ ಜೋಡಿಸುವ ಮಗು ಮನೆಯಲ್ಲಿದ್ದರೆ, ‘ಲೆಗೋಲ್ಯಾಂಡ್‌ಗೆ ಯಾವಾಗ ಹೋಗೋಣ?’ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ‘ಯಾವಾಗ’ ಎನ್ನುವುದಕ್ಕಿಂತ ‘ಯಾವುದಕ್ಕೆ’ ಎನ್ನುವುದೇ ದೊಡ್ಡವರಿಗೆ ತಲೆನೋವು. ಲೆಗೋಲ್ಯಾಂಡ್ ಎಂದರೆ ಲೆಗೋದ ಪ್ಲಾಸ್ಟಿಕ್ ಇಟ್ಟಿಗೆಗಳನ್ನೇ ವಿಷಯವಾಗಿಟ್ಟುಕೊಂಡ ಮಕ್ಕಳ ಆಟದ ಪಾರ್ಕ್. ಮೊದಲ ಪಾರ್ಕ್ 1968ರ ಜೂನ್ 7ರಂದು ಡೆನ್ಮಾರ್ಕ್‌ನ ಬಿಲುಂಡ್‌ನಲ್ಲಿ ತೆರೆಯಿತು. 2025ರ ಜುಲೈನಲ್ಲಿ ಶಾಂಘೈ ಪಾರ್ಕ್ ಶುರುವಾದಾಗ ಲೆಕ್ಕ 11ಕ್ಕೆ ಮುಟ್ಟಿತು. ಯುರೋಪಿನಲ್ಲಿ ಮೂರು, ಅಮೆರಿಕದಲ್ಲಿ ಮೂರು, ಏಷ್ಯಾದಲ್ಲಿ ಐದು. ಎಲ್ಲಕ್ಕೂ ಹೆಸರು ಒಂದೇ. ಹವೆ ಬೇರೆ, ದಾರಿ ಬೇರೆ, ಅಕ್ಕಪಕ್ಕ ನೋಡಲು ಸಿಗುವುದೂ ಬೇರೆ.

ಯಾವುದು ಎಲ್ಲಕ್ಕಿಂತ ದೊಡ್ಡದು ಎಂದು ಹುಡುಕುವವರೇ ಜಾಸ್ತಿ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಮಗುವಿನ ಎತ್ತರ, ಆಮೇಲೆ ರಜೆಯ ತಿಂಗಳು, ಆಮೇಲೆ ಹತ್ತಿರದ ಊರು. ಈ ಕ್ರಮದಲ್ಲಿ ಹೋದರೆ ಆಯ್ಕೆ ತಾನಾಗಿಯೇ ಸಲೀಸಾಗುತ್ತದೆ.

ಹಂತ 1: ಟೇಪು ಹಿಡಿದು ಮಗುವಿನ ಎತ್ತರ ಅಳೆಯಿರಿ

ಲೆಗೋಲ್ಯಾಂಡ್ ಇರುವುದೇ 2ರಿಂದ 12 ವರ್ಷದ ಮಕ್ಕಳಿಗಾಗಿ. ಹದಿನಾಲ್ಕು ವರ್ಷದ ಅಣ್ಣ ‘ಇಷ್ಟೇನಾ?’ ಎಂದು ಮುಖ ಸಿಂಡರಿಸಿದರೆ ತಪ್ಪು ಅವನದಲ್ಲ. ಎದೆ ನಡುಗಿಸುವ ರೋಲರ್ ಕೋಸ್ಟರ್‌ಗೆ ಬೇರೆ ಪಾರ್ಕ್‌ಗಳಿವೆ.

ಆಟಗಳಿಗೆ ವಯಸ್ಸಿಗಿಂತ ಎತ್ತರವೇ ಮುಖ್ಯ. ಪಾರ್ಕ್‌ನಿಂದ ಪಾರ್ಕ್‌ಗೆ ಅಂಕಿ ಸ್ವಲ್ಪ ಬದಲಾದರೂ, 90 ಸೆಂ.ಮೀ., 1 ಮೀಟರ್, 1.2 ಮೀಟರ್ ಎಂಬ ಗೆರೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಮಗು 98 ಸೆಂ.ಮೀ. ಇದೆಯೇ? ಪ್ರವಾಸವನ್ನು ಕೆಲವು ತಿಂಗಳು ಮುಂದೂಡಿದರೆ ಅದೇ ಟಿಕೆಟ್‌ನಲ್ಲಿ ಇನ್ನಷ್ಟು ಆಟ ಸಿಗಬಹುದು. ಗೇಟಿನಲ್ಲಿ ಅಳತೆ ಕೋಲಿನ ಪಕ್ಕ ಮಗುವನ್ನು ನಿಲ್ಲಿಸಿ, ‘ಇಲ್ಲ ಪುಟ್ಟಾ’ ಅಂದಾಗ ಶುರುವಾಗುವ ಅಳು ಅಷ್ಟು ಬೇಗ ನಿಲ್ಲುವುದಿಲ್ಲ.

ವಯಸ್ಸು ನೋಡುವ ಆಟವೂ ಒಂದಿದೆ. ಅದು ಡ್ರೈವಿಂಗ್ ಸ್ಕೂಲ್. ಸಾಮಾನ್ಯವಾಗಿ 6 ವರ್ಷ ತುಂಬಿದವರಿಗೆ ದೊಡ್ಡ ರಸ್ತೆ, 3ರಿಂದ 5ರವರಿಗೆ ಪುಟ್ಟ ವೃತ್ತ. ಕಾರು ಹಳಿಯ ಮೇಲೆ ಓಡುವುದಿಲ್ಲ, ಸ್ಟೀರಿಂಗ್ ತಿರುಗಿಸಿದ ಕಡೆಗೇ ಹೋಗುತ್ತದೆ. ಸಿಗ್ನಲ್ ದೀಪಗಳಿವೆ, ಎದುರಿನಿಂದ ಬರುವ ಗಾಡಿಗಳಿವೆ. ಮೊದಲ ಎರಡು ನಿಮಿಷ ಎಲ್ಲರೂ ಅಂಚುಗಲ್ಲಿಗೆ ಗುದ್ದುತ್ತಾರೆ, ಆಮೇಲೆ ಕೆಂಪು ದೀಪಕ್ಕೆ ಶಿಸ್ತಾಗಿ ಸಾಲು ನಿಲ್ಲುತ್ತಾರೆ. ಹೊರಗೆ ಬಂದಾಗ ಕೈಯಲ್ಲಿ ಲೈಸೆನ್ಸ್! ಮಗುವಿಗೆ ಆರು ತುಂಬಲು ಸ್ವಲ್ಪವೇ ಬಾಕಿ ಇದ್ದರೆ, ಇದೊಂದಕ್ಕಾಗಿಯೇ ಕಾಯಬಹುದು.

ಹಂತ 2: ಅದು ಪಾರ್ಕೇ ಹೌದಾ ಎಂದು ನೋಡಿ

ಲೆಗೋಲ್ಯಾಂಡ್ ಡಿಸ್ಕವರಿ ಸೆಂಟರ್ ಎಂಬುದು ಬೇರೆ. ಅದು ಹೆಚ್ಚಾಗಿ ಮಾಲ್‌ನೊಳಗಿರುವ, ಎರಡು ಮೂರು ಗಂಟೆಯಲ್ಲಿ ಮುಗಿಯುವ ಒಳಾಂಗಣ ಕೇಂದ್ರ. ಊರಿನ ಹೆಸರು ಹಾಕಿ ಹುಡುಕಿದರೆ ಅದೇ ಮೊದಲು ಕಾಣಿಸಬಹುದು. ಉದಾಹರಣೆಗೆ ಟೋಕಿಯೊದಲ್ಲಿರುವುದು ಸೆಂಟರ್, ನಗೋಯಾದಲ್ಲಿರುವುದು ಪಾರ್ಕ್. ದುಡ್ಡು ಕಟ್ಟುವ ಮೊದಲು ಒಮ್ಮೆ ಓದಿಕೊಳ್ಳಿ.

ಹಂತ 3: ತಿಂಗಳು ನೋಡಿ, ಭೂಪಟದ ಅರ್ಧ ಅಳಿಸಿಬಿಡಿ

ಬಿಲುಂಡ್, ಇಂಗ್ಲೆಂಡ್‌ನ ವಿಂಡ್ಸರ್, ಜರ್ಮನಿಯ ಗುಂಜ್‌ಬುರ್ಗ್ ಪಾರ್ಕ್‌ಗಳು ಚಳಿಗಾಲದಲ್ಲಿ ಬಹುಪಾಲು ಮುಚ್ಚಿರುತ್ತವೆ. ಬೆಚ್ಚಗಿನ ತಿಂಗಳುಗಳೇ ಅವುಗಳ ಹಂಗಾಮು. ನ್ಯೂಯಾರ್ಕ್ ರಾಜ್ಯದ ಗೋಷೆನ್‌ನಲ್ಲೂ ಹಿಮ ಬೀಳುವ ಕಾಲಕ್ಕೆ ಬಾಗಿಲು ಹಾಕುತ್ತಾರೆ.

ದುಬೈಯದು ಇದಕ್ಕೆ ಉಲ್ಟಾ. ಜುಲೈನಲ್ಲಿ 40 ಡಿಗ್ರಿ ದಾಟುವ ಬಿಸಿಲು, ಡಿಸೆಂಬರ್‌ನಲ್ಲಿ ಹಿತವಾದ ಹವೆ. ಅದಕ್ಕೇ ಅಲ್ಲಿನ ಮಿನಿಲ್ಯಾಂಡ್ (ಲೆಗೋ ಇಟ್ಟಿಗೆಯಲ್ಲಿ ಕಟ್ಟಿದ ಪುಟಾಣಿ ಊರು) ಪೂರ್ತಿ ಎ.ಸಿ. ಕಟ್ಟಡದೊಳಗಿದೆ. ಮಲೇಷ್ಯಾದಲ್ಲಿ ವರ್ಷವಿಡೀ ಸೆಖೆ, ಮಧ್ಯಾಹ್ನ ಗುಡುಗು ಮಳೆ ಮಾಮೂಲು. ಫ್ಲೋರಿಡಾದ ಬೇಸಿಗೆಯೂ ಹಾಗೆಯೇ: ಮಿಂಚು ಕಂಡರೆ ಹೊರಗಿನ ಆಟಗಳು ನಿಲ್ಲುತ್ತವೆ. ಇವೆರಡಕ್ಕೂ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗುವುದು ಜಾಣತನ. ಹವೆಯ ಚಿಂತೆಯೇ ಬೇಡ ಅನ್ನುವವರಿಗೆ ಕ್ಯಾಲಿಫೋರ್ನಿಯಾ.

ಇಷ್ಟಾದರೂ ಪಾರ್ಕ್‌ನ ಕ್ಯಾಲೆಂಡರ್ ನೋಡದೆ ವಿಮಾನದ ಟಿಕೆಟ್ ತೆಗೆಯಬೇಡಿ. ನಗೋಯಾದಲ್ಲಿ ವಾರದ ನಡುವೆ ರಜೆ ಇರುವ ದಿನಗಳೂ ಉಂಟು.

ಹಂತ 4: ಉಳಿದವುಗಳಲ್ಲಿ ಊರು ನೋಡಿ ಆರಿಸಿ

ಲೆಗೋ ಎಂದರೆ ಪ್ರಾಣ ಬಿಡುವ ಮಗುವಾದರೆ ಬಿಲುಂಡ್. ಕಂಪನಿ ಹುಟ್ಟಿದ್ದೇ 1932ರಲ್ಲಿ ಈ ಸಣ್ಣ ಊರಿನಲ್ಲಿ. ಕಾರ್ಖಾನೆಯೊಳಗಿನ ಮಾದರಿಗಳನ್ನು ನೋಡಲು ಬರುವವರ ಸಂಖ್ಯೆ ವರ್ಷವರ್ಷಕ್ಕೆ ಏರಿತು. ಕೆಲಸಕ್ಕೆ ತೊಂದರೆಯಾಗತೊಡಗಿದಾಗ, ಆಗ ಕಂಪನಿ ನಡೆಸುತ್ತಿದ್ದ ಗಾಡ್‌ಫ್ರೆಡ್ ಕಿರ್ಕ್ ಕ್ರಿಸ್ಟಿಯನ್‌ಸೆನ್ ಅವರಿಗೆ ಹೊಳೆದದ್ದೇ ಬಯಲು ಪ್ರದರ್ಶನದ ಉಪಾಯ. ಅದೇ ಪಾರ್ಕ್ ಆಯಿತು. ವಿಮಾನ ನಿಲ್ದಾಣ ಪಕ್ಕದಲ್ಲೇ. 2017ರಲ್ಲಿ ತೆರೆದ, ಇಟ್ಟಿಗೆ ಆಟಗಳ ಒಳಾಂಗಣ ಕೇಂದ್ರವಾದ ಲೆಗೋ ಹೌಸ್ ಕೂಡ ಇದೇ ಊರಿನಲ್ಲಿದೆ. ಪಾರ್ಕ್‌ಗೊಂದು ದಿನ, ಅದಕ್ಕೊಂದು ದಿನ ಇಟ್ಟುಕೊಳ್ಳಿ.

ಲಂಡನ್‌ಗೆ ಹೇಗೂ ಹೋಗುತ್ತಿದ್ದರೆ ವಿಂಡ್ಸರ್ ಸುಲಭ. ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್. ಹಿಂದೆ ಪ್ರಾಣಿಗಳ ಸಫಾರಿ ಪಾರ್ಕ್ ಆಗಿದ್ದ ಜಾಗದಲ್ಲಿ ಇದು 1996ರಲ್ಲಿ ಶುರುವಾಯಿತು. ಪಾರ್ಕ್ ಇರುವುದು ಇಳಿಜಾರಿನ ಮೇಲೆ. ಬೆಳಿಗ್ಗೆ ಇಳಿಯುವುದು ಹಗುರ, ಸಂಜೆ ಮಗುವಿನ ತಳ್ಳುಗಾಡಿಯನ್ನು ಮೇಲಕ್ಕೆ ತಳ್ಳುವುದು ಬೇರೆ ಮಾತು. 2002ರ ಗುಂಜ್‌ಬುರ್ಗ್ ಇರುವುದು ಮ್ಯೂನಿಕ್ ಮತ್ತು ಸ್ಟುಟ್‌ಗಾರ್ಟ್ ನಡುವಿನ ದಾರಿಯಲ್ಲಿ, ಕಾರಿನಲ್ಲಿ ಸುತ್ತುವವರಿಗೆ ಅನುಕೂಲ.

ಅಮೆರಿಕದ ಮೂರರಲ್ಲಿ ಹಳೆಯದು ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್, 1999ರದ್ದು. ಸ್ಯಾನ್ ಡಿಯಾಗೊದಿಂದ ಉತ್ತರಕ್ಕೆ ಸ್ವಲ್ಪ ದೂರ. ಗೋಷೆನ್‌ನದು 2021ರದ್ದು, ಮ್ಯಾನ್‌ಹಟನ್‌ನಿಂದ ಸುಮಾರು 100 ಕಿ.ಮೀ. ದೂರ. ನನಗೆ ಇಷ್ಟವಾಗುವುದು ಮಾತ್ರ ಫ್ಲೋರಿಡಾದ ವಿಂಟರ್ ಹೇವನ್. 1936ರಲ್ಲಿ ಶುರುವಾಗಿದ್ದ ಸೈಪ್ರೆಸ್ ಗಾರ್ಡನ್ಸ್ ಎಂಬ ತೋಟದ ಜಾಗದಲ್ಲಿ ಇದು 2011ರಲ್ಲಿ ತೆರೆಯಿತು. ಹಳೆಯ ತೋಟವನ್ನು ಕಡಿದು ಹಾಕಲಿಲ್ಲ. 1939ರಲ್ಲಿ ಸಸಿಯಾಗಿ ನೆಟ್ಟ ಆಲದ ಮರ ಇಂದಿಗೂ ಬಿಳಲು ಬಿಟ್ಟುಕೊಂಡು ನಿಂತಿದೆ. ಮಕ್ಕಳಿಗೆ ಅದರಲ್ಲಿ ಆಸಕ್ತಿ ಇರಲಿಕ್ಕಿಲ್ಲ, ಕಾಲು ಸೋತ ಅಜ್ಜಿ ತಾತಂದಿರಿಗೆ ಅದೇ ಸ್ವರ್ಗ.

ಏಷ್ಯಾದಲ್ಲಿ ಮೊದಲನೆಯದು ಮಲೇಷ್ಯಾದ ಜೊಹೊರ್, 2012. ಸಿಂಗಪುರದಲ್ಲಿ ಉಳಿದುಕೊಂಡು ಒಂದು ದಿನದ ಮಟ್ಟಿಗೆ ಹೋಗಿ ಬರುವವರು ಬಹಳ. ಆದರೆ ದಾಟುವುದು ದೇಶದ ಗಡಿ ಎಂಬುದು ನೆನಪಿರಲಿ. ಪಾಸ್‌ಪೋರ್ಟ್ ಬೇಕು, ವಾರಾಂತ್ಯದಲ್ಲಿ ಸಾಲು ಉದ್ದ. 2016ರ ದುಬೈ ಪಾರ್ಕ್ ಊರಿನ ನಡುವೆ ಇಲ್ಲ, ಅಬುಧಾಬಿಯ ದಾರಿಯಲ್ಲಿದೆ. 2017ರ ನಗೋಯಾ ಪಾರ್ಕ್ ತಲುಪುವುದು ತೀರಾ ಸಲೀಸು: ನಗೋಯಾ ನಿಲ್ದಾಣದಿಂದ ಆಓನಾಮಿ ಮಾರ್ಗದ ರೈಲು ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದರೆ ಆಯಿತು. ಪಕ್ಕದಲ್ಲೇ ರೈಲು ಮ್ಯೂಸಿಯಂ ಇದೆ, ಬುಲೆಟ್ ರೈಲಿನ ಹುಚ್ಚಿರುವ ಮಗುವಿಗೆ ಎರಡು ಹಬ್ಬ. ಕೊರಿಯಾದ್ದು ಚುಂಚಿಯೋನ್‌ನ ನದಿ ದ್ವೀಪದಲ್ಲಿದೆ. ಅಗೆಯುವಾಗ ಕಂಚಿನ ಯುಗದ ಅವಶೇಷಗಳು ಸಿಕ್ಕಿ ದೊಡ್ಡ ವಿವಾದವೇ ಆಯಿತು. ಕೊನೆಗೆ 2022ರ ಮೇ 5ರಂದು, ಅಲ್ಲಿನ ಮಕ್ಕಳ ದಿನದಂದು ತೆರೆಯಿತು. ಶಾಂಘೈನ ಜಿನ್‌ಶಾನ್ ಪಾರ್ಕ್ ಎಲ್ಲಕ್ಕಿಂತ ಹೊಸದು; ಎಲ್ಲಕ್ಕಿಂತ ದೊಡ್ಡದೂ ಅದೇ ಎನ್ನುತ್ತಾರೆ. ಹಾಗಂತ ದೊಡ್ಡದರಲ್ಲಿ ನಡೆಯುವುದೂ ಜಾಸ್ತಿ, ಅಲ್ವಾ?

ಹಂತ 5: ಟಿಕೆಟ್, ವಾಟರ್ ಪಾರ್ಕ್, ಹೋಟೆಲ್

ವಾಟರ್ ಪಾರ್ಕ್ ಇರುವಲ್ಲಿ ಅದು ಮೂಲ ಟಿಕೆಟ್‌ನಲ್ಲಿ ಸೇರಿರುವುದು ಅಪರೂಪ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಲೆಗೋಲ್ಯಾಂಡ್‌ನದೇ ಹೋಟೆಲ್ ದುಬಾರಿ. ಆದರೆ ಮಕ್ಕಳಿಗೆ ಪ್ರತ್ಯೇಕ ಬಂಕ್ ಮಂಚ, ಕೋಣೆಯಲ್ಲಿ ಬೀಗ ಹಾಕಿದ ಪೆಟ್ಟಿಗೆ, ಅದರ ಗುಪ್ತ ಸಂಖ್ಯೆಗೆ ಸುಳಿವುಗಳು ಎಲ್ಲ ಇರುತ್ತವೆ. ಒಂದು ರಾತ್ರಿ ಸಾಕು.

ಹಂತ 6: ಒಳಗೆ ಹೋದ ಮೇಲೆ

ಗೇಟು ದಾಟಿದ ಕೂಡಲೇ ಎದುರಿಗೆ ಸಿಕ್ಕ ಆಟಕ್ಕೆ ಎಲ್ಲರೂ ಸಾಲು ಹಚ್ಚುತ್ತಾರೆ. ನೀವು ನೇರ ಹಿಂಭಾಗಕ್ಕೆ ನಡೆಯಿರಿ. ಡ್ರೈವಿಂಗ್ ಸ್ಕೂಲ್ ಮೊದಲ ಗಂಟೆಯಲ್ಲೇ ಮುಗಿಸಿ. ಅಲ್ಲಿ ಸಾಲು ನಿಧಾನಕ್ಕೆ ಸರಿಯುತ್ತದೆ.

ಮಿನಿಲ್ಯಾಂಡ್‌ಗೆ ಸಾಲೇ ಇಲ್ಲ, ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ನಿಜವಾದ ಕಟ್ಟಡಗಳನ್ನು ಹೆಚ್ಚಾಗಿ ಇಪ್ಪತ್ತನೇ ಒಂದರಷ್ಟು ಗಾತ್ರದಲ್ಲಿ ಇಟ್ಟಿಗೆಯಲ್ಲೇ ಕಟ್ಟಿರುತ್ತಾರೆ. ಮಲೇಷ್ಯಾದಲ್ಲಿ ಪೆಟ್ರೋನಾಸ್ ಗೋಪುರಗಳ ಜೊತೆ ತಾಜ್ ಮಹಲ್ ಇದೆ, ದುಬೈನಲ್ಲಿ ಬುರ್ಜ್ ಖಲೀಫಾ. ನಿಂತು ನೋಡಿದರೆ ಕಟ್ಟಡ ಮಾತ್ರ ಕಾಣುತ್ತದೆ. ಮಗುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡಿ: ಕೆಳಗೆ ಅಂಗೈಯಗಲದ ಜನ ಬಸ್ಸಿಗೆ ಕಾಯುತ್ತಿರುತ್ತಾರೆ, ಜಗಳ ಆಡುತ್ತಿರುತ್ತಾರೆ.

ಹೊರಡುವಾಗ ಮನೆಯಿಂದ ಎರಡು ಮೂರು ಹಳೆಯ ಮಿನಿಫಿಗರ್ (ಲೆಗೋದ ಪುಟ್ಟ ಮನುಷ್ಯ) ಗೊಂಬೆ ಜೇಬಿಗೆ ಹಾಕಿಕೊಳ್ಳಿ. ಸಿಬ್ಬಂದಿ ಎದೆಗೆ ಹಾಕಿಕೊಳ್ಳುವ ಹೆಸರಿನ ಬ್ಯಾಡ್ಜ್ ಮೇಲೆ ಇಂಥ ಗೊಂಬೆ ಸಿಕ್ಕಿಸಿರುವುದು ವಾಡಿಕೆ. ಮಗು ಕೇಳಿದರೆ ಅದಲುಬದಲು ಮಾಡಿಕೊಳ್ಳುತ್ತಾರೆ. ಇದಕ್ಕೆ ಖರ್ಚಿಲ್ಲ. ಕೈ ಕಾಲು ಮುರಿದ ಗೊಂಬೆ ಮಾತ್ರ ಬೇಡ.